ಧಾರವಾಡ ದಕ್ಷಿಣ: ನಕಾಶೆಯಿಂದ ಅಳಿದುಹೋದ ಕ್ಷೇತ್ರದ ಕಥೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹಿರಿಯ ಮತದಾರರ ನೆನಪಿನಲ್ಲಿ ಇನ್ನೂ ಉಳಿದಿರುವ, ಆದರೆ ಚುನಾವಣಾ ಆಯೋಗದ ಪಟ್ಟಿಯಲ್ಲಿ ಈಗ ಇಲ್ಲದ ಒಂದು ಹೆಸರಿದೆ. ಅದು 'ಧಾರವಾಡ ದಕ್ಷಿಣ'. 1952ರ ಮೊದಲ ಮಹಾಚುನಾವಣೆಯಿಂದ 2004ರವರೆಗೆ ಹದಿನಾಲ್ಕು ಬಾರಿ ಲೋಕಸಭೆಗೆ ಸದಸ್ಯರನ್ನು ಕಳಿಸಿದ ಈ ಕ್ಷೇತ್ರ 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ಅದರ ಬಹುಪಾಲು ನೆಲ 'ಹಾವೇರಿ' ಎಂಬ ಹೊಸ ಹೆಸರಿನ ಕ್ಷೇತ್ರಕ್ಕೆ ಸೇರಿತು.

ಕ್ಷೇತ್ರಗಳು ಹುಟ್ಟುವುದು, ಅಳಿಯುವುದು, ಹೆಸರು ಬದಲಿಸುವುದು ಪ್ರಜಾಪ್ರಭುತ್ವದಲ್ಲಿ ಹೊಸತೇನಲ್ಲ. ಕರ್ನಾಟಕದಲ್ಲೇ ಕನಕಪುರ, ಉಡುಪಿ, ಮಂಗಳೂರು ಲೋಕಸಭಾ ಕ್ಷೇತ್ರಗಳು ಅದೇ ವರ್ಷ ಪಟ್ಟಿಯಿಂದ ಮರೆಯಾದವು. ಹಾಗಿದ್ದೂ ಧಾರವಾಡ ದಕ್ಷಿಣದ ಕಥೆಯನ್ನು ಬೇರೆಯಾಗಿ ಹೇಳಬೇಕಾಗುತ್ತದೆ. ಲಿಂಗಾಯತ ಸಮುದಾಯ ಪ್ರಬಲವಾಗಿರುವ ಈ ಪ್ರದೇಶ 1962ರಿಂದ 1996ರವರೆಗಿನ ಒಂಬತ್ತು ಚುನಾವಣೆಗಳಲ್ಲಿ ಸತತವಾಗಿ ಮುಸ್ಲಿಂ ಅಭ್ಯರ್ಥಿಗಳನ್ನೇ ಗೆಲ್ಲಿಸಿತು. 1998ರಲ್ಲಿ ಆ ಸಾಲು ಮುರಿಯಿತು, 1999ರಲ್ಲಿ ಮತ್ತೊಮ್ಮೆ ಕೂಡಿಕೊಂಡಿತು. ಒಟ್ಟು ಹದಿನಾಲ್ಕರಲ್ಲಿ ಹತ್ತು ಬಾರಿ ಹೀಗಾಯಿತು. ಇಂದಿನ ಹಾವೇರಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಮುಸ್ಲಿಮರ ಪ್ರಮಾಣ ಐದರಲ್ಲಿ ಒಂದಕ್ಕಿಂತ ತುಸು ಕಡಿಮೆ. ಆ ಸಮುದಾಯದ ಮತಗಳಷ್ಟರಿಂದಲೇ ಯಾರೂ ಇಲ್ಲಿ ಗೆಲ್ಲುವಂತಿರಲಿಲ್ಲ. ಹಾಗಾದರೆ ಇದು ಸಾಧ್ಯವಾದದ್ದು ಹೇಗೆ? ಆಮೇಲೆ ನಿಂತದ್ದು ಏಕೆ?

ಧಾರವಾಡವಿಲ್ಲದ ಧಾರವಾಡ

ಮೊದಲು ಕ್ಷೇತ್ರದ ಚೌಕಟ್ಟನ್ನು ನೋಡಬೇಕು. ಹಳೆಯ ಧಾರವಾಡ ಜಿಲ್ಲೆ ಬಹು ದೊಡ್ಡದು. ಉತ್ತರದಲ್ಲಿ ಮಲಪ್ರಭೆಯ ಕಡೆಯ ಕರಿಮಣ್ಣಿನ ಬಯಲು, ದಕ್ಷಿಣದಲ್ಲಿ ತುಂಗಭದ್ರೆಯ ದಂಡೆ, ಪಶ್ಚಿಮದಲ್ಲಿ ಹಾನಗಲ್ಲಿನ ಅರೆಮಲೆನಾಡು. ಸ್ವಾತಂತ್ರ್ಯ ಬಂದಾಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೊದಲ ಚುನಾವಣೆಯಲ್ಲಿ ಅದಕ್ಕೆ ಧಾರವಾಡ ಉತ್ತರ, ಧಾರವಾಡ ದಕ್ಷಿಣ ಎಂಬ ಎರಡು ಲೋಕಸಭಾ ಸ್ಥಾನಗಳು ಸಿಕ್ಕವು. ಧಾರವಾಡ, ಹುಬ್ಬಳ್ಳಿ ನಗರಗಳು ಉತ್ತರದ ಪಾಲಿಗೆ ಹೋದವು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿಗಳು ದಕ್ಷಿಣದ ಒಡಲಾದವು. ಧಾರವಾಡ ನಗರವೇ ಇಲ್ಲದ ಕ್ಷೇತ್ರಕ್ಕೆ ಧಾರವಾಡದ ಹೆಸರು ಐದು ದಶಕಗಳಿಗೂ ಮಿಕ್ಕಿ ಉಳಿಯಿತು.

ಇದು ಮೂಲತಃ ಒಕ್ಕಲುತನದ ಮತ್ತು ಪೇಟೆಗಳ ನಾಡು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರಿನ ಹತ್ತಿ ಮತ್ತು ಬಿತ್ತನೆ ಬೀಜದ ವ್ಯಾಪಾರ, ಹಾವೇರಿಯ ಏಲಕ್ಕಿ ಹಾರ ಹೊರಗಿನವರಿಗೂ ಪರಿಚಿತ. ಹಮಾಲರು, ದಲಾಲರು, ರೈತರು, ಗಾಡಿ ಹೊಡೆಯುವವರು ದಿನವೂ ಒಬ್ಬರನ್ನೊಬ್ಬರು ಕಾಣುವ ಪೇಟೆಯ ಬದುಕು ಇಲ್ಲಿಯದು.

ಸಂಸ್ಕೃತಿಯ ಇತಿಹಾಸವೂ ಅಷ್ಟೇ ದಟ್ಟವಾದದ್ದು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಹೆಸರಿನೊಂದಿಗೆ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಬೆರೆತುಹೋಗಿದೆ. ಶಿಶುನಾಳದ ಷರೀಫ ಸಾಹೇಬರು ಕಳಸದ ಗೋವಿಂದಭಟ್ಟರನ್ನು ಗುರುವೆಂದು ಒಪ್ಪಿದ್ದು ಇದೇ ನೆಲದಲ್ಲಿ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಹೀಗಾಗಿ ಧಾರವಾಡ ದಕ್ಷಿಣದ ಫಲಿತಾಂಶಗಳ ಮಾತು ಬಂದಾಗಲೆಲ್ಲ 'ಇದು ಷರೀಫರ ನಾಡು, ಅದಕ್ಕೇ ಹೀಗೆ' ಎನ್ನುವುದು ವಾಡಿಕೆ. ಆ ಮಾತಿನಲ್ಲಿ ಸತ್ಯದ ಅಂಶ ಇಲ್ಲದಿಲ್ಲ. ಆದರೆ ಅದೊಂದೇ ಕಾರಣ ಸಾಲದು. ಷರೀಫರ ಪದಗಳನ್ನು 1962ಕ್ಕೆ ಮೊದಲೂ ಹಾಡುತ್ತಿದ್ದರು, 2004ರ ನಂತರವೂ ಹಾಡುತ್ತಿದ್ದಾರೆ. ಫಲಿತಾಂಶ ಮಾತ್ರ ಬದಲಾಗಿದೆ. ಆದ್ದರಿಂದ ಕಾರಣಗಳನ್ನು ರಾಜಕೀಯದ ಒಳಗೂ ಹುಡುಕಬೇಕು.

ಮೊದಲ ಹತ್ತು ವರ್ಷ

1952 ಮತ್ತು 1957ರಲ್ಲಿ ಇಲ್ಲಿಂದ ಗೆದ್ದವರು ಕಾಂಗ್ರೆಸ್ಸಿನ ಟಿ.ಆರ್. ನೇಸ್ವಿ. ಮೊದಲ ಬಾರಿ ಅವರು ಮುಂಬಯಿ ರಾಜ್ಯದ ಸಂಸದರು. ಎರಡನೆಯ ಬಾರಿಯ ಹೊತ್ತಿಗೆ, 1956ರ ನವೆಂಬರ್ 1ರಂದು ಏಕೀಕರಣ ನಡೆದು, ಮೈಸೂರು ರಾಜ್ಯದ ಸಂಸದರು.

ಕಾಂಗ್ರೆಸ್ಸಿಗೆ ಇಲ್ಲಿ ಇದ್ದ ಬೇರು ಸ್ವಾತಂತ್ರ್ಯ ಹೋರಾಟದ್ದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಗಾಂಧೀಜಿಯ ದಂಡಿ ಯಾತ್ರೆಯಲ್ಲಿ ಹೆಜ್ಜೆ ಹಾಕಿದವರು. 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವರು ಬಲಿಯಾದರು. ಅದೇ ಹೊಸರಿತ್ತಿ ಗುದ್ಲೆಪ್ಪ ಹಳ್ಳಿಕೇರಿಯವರ ಊರು. ಇಂಥ ನೆನಪುಗಳು ಜೀವಂತವಾಗಿದ್ದ ಕಾಲದಲ್ಲಿ ಕಾಂಗ್ರೆಸ್ಸಿನ ಟಿಕೆಟ್ ಸಿಕ್ಕಿತೆಂದರೆ ಅರ್ಧ ಗೆಲುವು ಸಿಕ್ಕಂತೆಯೇ ಇತ್ತು. ಅಭ್ಯರ್ಥಿ ಯಾರು ಎಂಬುದಕ್ಕಿಂತ ಪಕ್ಷ ಯಾವುದು ಎಂಬುದನ್ನು ಮತದಾರ ನೋಡುತ್ತಿದ್ದ.

1962: ಎರಡು ಹೊಸ ಹೆಸರು

1962ರ ಚುನಾವಣೆಯಲ್ಲಿ ಧಾರವಾಡ ಜಿಲ್ಲೆಯ ಎರಡೂ ಲೋಕಸಭಾ ಸ್ಥಾನಗಳಿಂದ ಹೊಸಬರು ಗೆದ್ದು ಬಂದರು. ಉತ್ತರದಲ್ಲಿ ಸರೋಜಿನಿ ಮಹಿಷಿ, ದಕ್ಷಿಣದಲ್ಲಿ ಎಫ್.ಎಚ್. ಮೊಹಸಿನ್. ಒಬ್ಬರು ಮಹಿಳೆ, ಇನ್ನೊಬ್ಬರು ಅಲ್ಪಸಂಖ್ಯಾತ ಸಮುದಾಯದವರು. ಇಬ್ಬರೂ ಕಾಂಗ್ರೆಸ್ಸಿನವರು. ಮುಂದೆ ಮಹಿಷಿಯವರ ಹೆಸರು ಕನ್ನಡಿಗರಿಗೆ ಉದ್ಯೋಗ ಕುರಿತ ವರದಿಯಿಂದ ನಾಡಿನ ತುಂಬ ಪರಿಚಿತವಾಯಿತು. ಮೊಹಸಿನ್ ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ಗೃಹ ಖಾತೆಯ ಉಪಮಂತ್ರಿಯಾದರು. ಧಾರವಾಡ ದಕ್ಷಿಣದಿಂದ ಅವರು 1962, 1967, 1971, 1977, 1980, ಹೀಗೆ ಸತತ ಐದು ಬಾರಿ ಆರಿಸಿ ಬಂದರು.

ಈ ಐದರಲ್ಲಿ ನಿಜವಾದ ಪರೀಕ್ಷೆ 1971ರದ್ದು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಸಂಸ್ಥಾ ಕಾಂಗ್ರೆಸ್ಸಿನ ಮುಂದಾಳಾಗಿ ನಿಂತವರು ಎಸ್. ನಿಜಲಿಂಗಪ್ಪ. ಅವರು 1967ರಲ್ಲಿ ವಿಧಾನಸಭೆಗೆ ಆರಿಸಿ ಬಂದದ್ದು ಇದೇ ಕ್ಷೇತ್ರದ ಒಳಗಿದ್ದ ಶಿಗ್ಗಾವಿಯಿಂದ. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರೂ ಅದೇ ಬಣದಲ್ಲಿದ್ದರು. ಲಿಂಗಾಯತ ಮುಖಂಡತ್ವದ ದೊಡ್ಡ ಭಾಗ ಒಂದು ಕಡೆ, ಇಂದಿರಾ ಗಾಂಧಿಯವರ ಹೊಸ ಕಾಂಗ್ರೆಸ್ ಇನ್ನೊಂದು ಕಡೆ. ಜಾತಿಯ ಲೆಕ್ಕವೇ ಎಲ್ಲವೂ ಆಗಿದ್ದರೆ ಮೊಹಸಿನ್ ಸೋಲಬೇಕಿತ್ತು. ಅವರು ಗೆದ್ದರು. ರಾಜ್ಯದ ಎಲ್ಲ 27 ಸ್ಥಾನಗಳನ್ನೂ ಆ ವರ್ಷ ಇಂದಿರಾ ಕಾಂಗ್ರೆಸ್ ಗೆದ್ದಿತು ಎಂಬುದನ್ನೂ ಇಲ್ಲಿ ಹೇಳಬೇಕು. ಅಂದರೆ ಧಾರವಾಡ ದಕ್ಷಿಣದ ಮತದಾರ ಆ ಸಲ ಮೊಹಸಿನ್ನರನ್ನು ಆರಿಸಿದ್ದಕ್ಕಿಂತ ಹೆಚ್ಚಾಗಿ ಇಂದಿರಾ ಗಾಂಧಿಯವರನ್ನು ಆರಿಸಿದ್ದ. ಅಭ್ಯರ್ಥಿಯ ಮತಧರ್ಮ ಅದಕ್ಕೆ ಅಡ್ಡಿಯಾಗಲಿಲ್ಲ ಎಂಬುದೇ ಮುಖ್ಯ.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗಲೂ ಕರ್ನಾಟಕದ 28ರಲ್ಲಿ 26 ಸ್ಥಾನ ಆ ಪಕ್ಷಕ್ಕೇ ಬಂದವು. 1980ರಲ್ಲಿ ದೇವರಾಜ ಅರಸರು ಇಂದಿರಾ ಗಾಂಧಿಯವರಿಂದ ದೂರವಾದರೂ ಫಲಿತಾಂಶ ಬದಲಾಗಲಿಲ್ಲ. ಎರಡು ಬಾರಿಯೂ ಮೊಹಸಿನ್ ಗೆದ್ದರು.

ಟಿಕೆಟಿನ ಲೆಕ್ಕಾಚಾರ

ಇಷ್ಟು ಹೊತ್ತಿಗೆ ಒಂದು ಬರೆಯದ ಒಪ್ಪಂದ ನೆಲೆನಿಂತಿತ್ತು. ವಿಧಾನಸಭೆಯ ಟಿಕೆಟುಗಳು ಹೆಚ್ಚಾಗಿ ಸ್ಥಳೀಯ ಪ್ರಬಲ ಸಮುದಾಯಗಳ ಮುಖಂಡರಿಗೆ, ಲೋಕಸಭೆಯ ಟಿಕೆಟು ಮುಸ್ಲಿಂ ಅಭ್ಯರ್ಥಿಗೆ. ತಾಲ್ಲೂಕಿನ ರಾಜಕೀಯ, ಸಹಕಾರಿ ಸಂಘ, ಪೇಟೆಯ ಸಮಿತಿ ಎಲ್ಲ ತಮ್ಮ ಕೈಯಲ್ಲಿದ್ದಾಗ ದೆಹಲಿಯ ಒಂದು ಸ್ಥಾನವನ್ನು ಬಿಟ್ಟುಕೊಡುವುದು ಊರಿನ ಮುಖಂಡರಿಗೆ ಭಾರವಾಗಲಿಲ್ಲ. ಪ್ರತಿಯಾಗಿ ಅಲ್ಪಸಂಖ್ಯಾತರ ಮತಗಳು ವಿಧಾನಸಭೆಯಲ್ಲಿ ಆ ಮುಖಂಡರಿಗೇ ಒದಗುತ್ತಿದ್ದವು. ಕೊಡುಕೊಳ್ಳುವ ಈ ವ್ಯವಹಾರವನ್ನು ಸೌಹಾರ್ದ ಎಂದು ಕರೆದರೂ ಸರಿ, ಲೆಕ್ಕಾಚಾರ ಎಂದರೂ ಸರಿ. ಎರಡೂ ಅದರಲ್ಲಿ ಬೆರೆತಿದ್ದವು.

1984ರ ಫಲಿತಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಕಾಂಗ್ರೆಸ್ ಇಲ್ಲಿ ನಿಲ್ಲಿಸಿದ್ದು ಮೈಸೂರಿನ ನರಸಿಂಹರಾಜ ಕ್ಷೇತ್ರದ ರಾಜಕಾರಣಿ ಅಜೀಜ್ ಸೇಠ್ ಅವರನ್ನು. ತುಂಗಭದ್ರೆಯ ಈಚೆಗೆ ಅವರಿಗೆ ಸ್ವಂತ ನೆಲೆ ಇರಲಿಲ್ಲ. ಮಾತಿನ ಧಾಟಿಯಿಂದ ಹಿಡಿದು ಊಟದ ರೊಟ್ಟಿಯವರೆಗೆ ಎಲ್ಲವೂ ಬೇರೆಯಾದ ಸೀಮೆಯಿಂದ ಬಂದವರನ್ನು ಇಲ್ಲಿಯ ಮತದಾರರು ಗೆಲ್ಲಿಸಿದರು. 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್ ಗೆದ್ದರು.

ಈ ಒಪ್ಪಂದದಲ್ಲಿ ಒಂದು ದೋಷವೂ ಇತ್ತು. ಅಭ್ಯರ್ಥಿಯನ್ನು ಆರಿಸುವವರು ಪಕ್ಷದ ಹಿರಿಯರು, ಗೆಲ್ಲಿಸುವುದು ಪಕ್ಷದ ಗಾಳಿ. ಹೀಗಿದ್ದಾಗ ಆರಿಸಿ ಬಂದವರು ಊರಿನಲ್ಲಿ ತಮ್ಮದೇ ಬೇರು ಬಿಡುವ ಅಗತ್ಯ ಬೀಳಲಿಲ್ಲ. ಗಾಳಿ ಇರುವವರೆಗೆ ಅದು ತೊಡಕಾಗಲಿಲ್ಲ. ಗಾಳಿ ನಿಂತಾಗ ಆಧಾರವಿಲ್ಲದಂತಾಯಿತು.

ನೆಲ ಸಡಿಲಾದ ಕಾಲ

ಗಾಳಿ ನಿಲ್ಲತೊಡಗಿದ್ದು 1990ರ ದಶಕದಲ್ಲಿ. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ವಿಧಾನಸಭಾ ಸ್ಥಾನ ಗೆದ್ದಿತ್ತು. 1990ರ ಅಕ್ಟೋಬರಿನಲ್ಲಿ ಅವರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ ರೀತಿ ಉತ್ತರ ಕರ್ನಾಟಕದ ಲಿಂಗಾಯತರಲ್ಲಿ ಆಳವಾದ ಅಸಮಾಧಾನ ಉಳಿಸಿತು. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದ ಗೋಲಿಬಾರಿನಲ್ಲಿ ಕೊನೆಗೊಂಡಿತು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಇಳಿಯಿತು.

ಇಂಥ ಹೊತ್ತಿನಲ್ಲಿ ನಡೆದ 1996ರ ಲೋಕಸಭಾ ಚುನಾವಣೆಯ ಫಲಿತಾಂಶ ಕುತೂಹಲಕರ. ಧಾರವಾಡ ಉತ್ತರದಲ್ಲಿ ಬಿಜೆಪಿಯ ವಿಜಯ ಸಂಕೇಶ್ವರ ಗೆದ್ದರು. ಅದೇ ಜಿಲ್ಲೆಯ ದಕ್ಷಿಣ ಕ್ಷೇತ್ರ ಕಾಂಗ್ರೆಸ್ಸಿನ ಪ್ರೊ. ಐ.ಜಿ. ಸನದಿಯವರನ್ನು ಆರಿಸಿತು. ಕಾಂಗ್ರೆಸ್ಸಿಗೆ ರಾಜ್ಯದಲ್ಲಿ ಆಗ ಬಂದದ್ದು 28ರಲ್ಲಿ ಬರೀ 5 ಸ್ಥಾನ; ಅದರಲ್ಲಿ ಧಾರವಾಡ ದಕ್ಷಿಣ ಒಂದು. ಹುಬ್ಬಳ್ಳಿಯ ಕಾವು ಅಷ್ಟು ಹತ್ತಿರದ ಶಿಗ್ಗಾವಿ, ಹಾವೇರಿಗಳಿಗೆ ಆಗ ತಟ್ಟಲಿಲ್ಲವೆಂದೇ ಕಾಣುತ್ತದೆ.

ಆದರೆ ಆ ಗೆಲುವಿನ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ನಮ್ಮ ಚುನಾವಣಾ ಪದ್ಧತಿಯಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ. ಉಳಿದವರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು. 1996ರಲ್ಲಿ ಜನತಾ ದಳ ಬೇರೆ, ಬಿಜೆಪಿ ಬೇರೆ ನಿಂತು ಎದುರಾಳಿ ಮತಗಳು ಹಂಚಿಹೋಗುತ್ತಿದ್ದವು. ಎರಡೇ ವರ್ಷದಲ್ಲಿ ಇದು ತಿರುಗಿತು. ಜನತಾ ದಳದಿಂದ ಹೊರಬಂದ ರಾಮಕೃಷ್ಣ ಹೆಗಡೆಯವರು ಲೋಕಶಕ್ತಿ ಕಟ್ಟಿ ಬಿಜೆಪಿಯ ಜೊತೆ ಕೈಜೋಡಿಸಿದರು. 1998ರಲ್ಲಿ ಲೋಕಶಕ್ತಿ ರಾಜ್ಯದಲ್ಲಿ ಗೆದ್ದ ಮೂರು ಸ್ಥಾನಗಳಲ್ಲಿ ಧಾರವಾಡ ದಕ್ಷಿಣ ಒಂದಾಯಿತು. ಅಲ್ಲಿ ಗೆದ್ದವರು ಬಿ.ಎಂ. ಮೆಣಸಿನಕಾಯಿ. 1952ರಿಂದ ಈ ಕ್ಷೇತ್ರದಲ್ಲಿ ಕಾಂಗ್ರೆಸ್ ಸೋತದ್ದು ಅದೇ ಮೊದಲು. ಮೂವತ್ತಾರು ವರ್ಷಗಳ ಮುಸ್ಲಿಂ ಪ್ರಾತಿನಿಧ್ಯದ ಸಾಲೂ ಅಂದೇ ಮುರಿಯಿತು.

1999ರಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಜನತಾ ಪರಿವಾರ ಮತ್ತೆ ಒಡೆದಿತ್ತು, ಎಸ್.ಎಂ. ಕೃಷ್ಣ ಅವರ ನೇತೃತ್ವದ ಕಾಂಗ್ರೆಸ್ ರಾಜ್ಯದಲ್ಲಿ ಅಧಿಕಾರಕ್ಕೆ ಬಂತು, ಸನದಿ ಮತ್ತೆ ಲೋಕಸಭೆಗೆ ಹೋದರು. ಅದೇ ಚುನಾವಣೆಯಲ್ಲಿ ಶಿಗ್ಗಾವಿ ವಿಧಾನಸಭಾ ಕ್ಷೇತ್ರದಿಂದ ಜನತಾ ದಳ (ಜಾತ್ಯತೀತ) ಅಭ್ಯರ್ಥಿ ಸೈಯದ್ ಅಜೀಂಪೀರ್ ಖಾದ್ರಿ ಗೆದ್ದರು. ಆದರೆ 2004ರಲ್ಲಿ ಚಿತ್ರ ಪೂರ್ತಿ ಬದಲಾಯಿತು. ಬಿಜೆಪಿ ರಾಜ್ಯದಲ್ಲಿ 18 ಲೋಕಸಭಾ ಸ್ಥಾನ ಗೆದ್ದಿತು. ಧಾರವಾಡ ದಕ್ಷಿಣದಲ್ಲಿ ಅದರ ಅಭ್ಯರ್ಥಿ, ಹಿಂದೆ ವಿಧಾನಸಭೆಯಲ್ಲಿ ಶಿಗ್ಗಾವಿಯನ್ನು ಪ್ರತಿನಿಧಿಸಿದ್ದ ಮಂಜುನಾಥ ಕುನ್ನೂರ ಜಯ ಗಳಿಸಿದರು. ಆ ಕ್ಷೇತ್ರದ ಕೊನೆಯ ಸಂಸದರೂ ಅವರೇ.

ಗೆರೆ ಬದಲಾದಾಗ

1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾ ಕಚೇರಿ ಹಾವೇರಿಗೆ ಬಂದರೂ ಲೋಕಸಭೆಯ ಹೆಸರು ಧಾರವಾಡ ದಕ್ಷಿಣವೆಂದೇ ಹನ್ನೊಂದು ವರ್ಷ ಮುಂದುವರಿಯಿತು. ಕ್ಷೇತ್ರಗಳ ಗಡಿಯನ್ನು ಬದಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿಲ್ಲ ಎಂಬುದೇ ಇದಕ್ಕೆ ಕಾರಣ. ಅದು ಸಂಸತ್ತಿನ ಕಾಯ್ದೆಯ ಪ್ರಕಾರ ರಚನೆಯಾಗುವ ಮರುವಿಂಗಡಣಾ ಆಯೋಗದ ಕೆಲಸ. 2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಹೊಸ ಗಡಿಗಳನ್ನು ಎಳೆಯಿತು. ಅದು 2008ರಲ್ಲಿ ಜಾರಿಗೆ ಬಂತು. ಹೊಸ ಗಡಿಗಳ ಮೇಲೆ ಚುನಾವಣೆ ಎದುರಿಸಿದ ಮೊದಲ ರಾಜ್ಯ ಕರ್ನಾಟಕ.

ಹೊಸ ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್ಲಗಳ ಜೊತೆಗೆ ಗದಗ ಜಿಲ್ಲೆಯ ಶಿರಹಟ್ಟಿ, ಗದಗ, ರೋಣ ಸೇರಿಕೊಂಡವು. ಹಾವೇರಿ ಜಿಲ್ಲೆಯದೇ ಆದ ಶಿಗ್ಗಾವಿ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಹೋಯಿತು. ಸವಣೂರೂ ಶಿಶುನಾಳವೂ ಶಿಗ್ಗಾವಿಯ ಒಳಗೇ ಇರುವುದರಿಂದ ಅವೂ ಹೊರಗುಳಿದವು.

ವಿಧಾನಸಭಾ ಕ್ಷೇತ್ರಗಳಲ್ಲೂ ಪಲ್ಲಟವಾಯಿತು. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಬ್ಯಾಡಗಿ ಸಾಮಾನ್ಯ ಕ್ಷೇತ್ರವಾಗಿ, ಹಾವೇರಿ ಮೀಸಲು ಕ್ಷೇತ್ರವಾಯಿತು. 2004ರಲ್ಲಿ ಬ್ಯಾಡಗಿಯಿಂದ ಗೆದ್ದಿದ್ದ ನೆಹರೂ ಓಲೇಕಾರ 2008ರಲ್ಲಿ ಹಾವೇರಿಯಿಂದ ಗೆದ್ದರು. ನಕಾಶೆಯ ಮೇಲಿನ ಒಂದು ಬದಲಾವಣೆ ಊರೂರಿನ ರಾಜಕೀಯ ಬದುಕನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಡ.

ಹಳೆಯ ರೂಢಿಯನ್ನು ಕಾಂಗ್ರೆಸ್ ಒಮ್ಮೆಲೇ ಕೈಬಿಡಲಿಲ್ಲ. ಹೊಸ ಕ್ಷೇತ್ರದಲ್ಲಿ 2009 ಮತ್ತು 2014ರಲ್ಲಿ ಸಲೀಂ ಅಹ್ಮದ್ ಅವರನ್ನು ನಿಲ್ಲಿಸಿತು. ಎರಡೂ ಬಾರಿ ಬಿಜೆಪಿಯ ಶಿವಕುಮಾರ ಉದಾಸಿ ಗೆದ್ದರು. ಮೊದಲ ಸಲ 87,920, ಎರಡನೆಯ ಸಲ 87,571 ಮತಗಳ ಅಂತರ. ಐದು ವರ್ಷದಲ್ಲಿ ಅಂತರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2019ರಲ್ಲಿ ಕಾಂಗ್ರೆಸ್ ರೂಢಿಯನ್ನು ಬಿಟ್ಟು ಗದಗದ ಡಿ.ಆರ್. ಪಾಟೀಲರಿಗೆ ಟಿಕೆಟು ಕೊಟ್ಟಿತು. ಅಂತರ ಕಡಿಮೆಯಾಗುವ ಬದಲು 1,40,882ಕ್ಕೆ ಏರಿತು. ಅಭ್ಯರ್ಥಿಯ ಸಮುದಾಯವನ್ನು ಬದಲಿಸಿದರೆ ಫಲಿತಾಂಶ ಬದಲಾಗುತ್ತದೆ ಎಂಬ ಸುಲಭದ ಊಹೆಗೆ ಈ ಅಂಕಿ ಅಡ್ಡ ನಿಲ್ಲುತ್ತದೆ. 2024ರಲ್ಲಿ ಬಿಜೆಪಿಯ ಬಸವರಾಜ ಬೊಮ್ಮಾಯಿ, ಕಾಂಗ್ರೆಸ್ಸಿನ ಆನಂದಸ್ವಾಮಿ ಗಡ್ಡದೇವರಮಠ ಅವರನ್ನು 43,513 ಮತಗಳಿಂದ ಸೋಲಿಸಿದರು. ಅದಕ್ಕೆ ಒಂದೇ ವರ್ಷ ಮೊದಲು, 2023ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಎಂಟು ಕ್ಷೇತ್ರಗಳ ಪೈಕಿ ಏಳರಲ್ಲಿ ಕಾಂಗ್ರೆಸ್ ಗೆದ್ದಿತ್ತು. ರಾಜ್ಯಕ್ಕೊಂದು ಮತ, ದೇಶಕ್ಕೊಂದು ಮತ ಎಂದು ಬೇರ್ಪಡಿಸಿ ನೋಡುವುದನ್ನು ಇಲ್ಲಿಯ ಮತದಾರ ಚೆನ್ನಾಗಿ ಕಲಿತಿದ್ದಾನೆ.

ಉಳಿದ ಪ್ರಶ್ನೆ

ಧಾರವಾಡ ದಕ್ಷಿಣದ ದಾಖಲೆಗೆ ಇಡೀ ರಾಜ್ಯದ ಮಟ್ಟದಲ್ಲೂ ಮಹತ್ವವಿದೆ. ಒಂದು ಕಾಲಕ್ಕೆ ಧಾರವಾಡ ದಕ್ಷಿಣ, ಬೆಂಗಳೂರು ಉತ್ತರ, ಗುಲ್ಬರ್ಗಗಳಿಂದ ಮುಸ್ಲಿಂ ಸದಸ್ಯರು ಲೋಕಸಭೆಗೆ ಹೋಗುತ್ತಿದ್ದರು. 2004ರಲ್ಲಿ ಗುಲ್ಬರ್ಗದಿಂದ ಗೆದ್ದ ಇಕ್ಬಾಲ್ ಅಹ್ಮದ್ ಸರಡಗಿ ಅವರ ನಂತರ 2009, 2014, 2019, 2024ರ ನಾಲ್ಕೂ ಮಹಾಚುನಾವಣೆಗಳಲ್ಲಿ ಕರ್ನಾಟಕದಿಂದ ಅಂಥ ಒಬ್ಬ ಸದಸ್ಯರೂ ಲೋಕಸಭೆ ತಲುಪಲಿಲ್ಲ. ಒಂದು ಕ್ಷೇತ್ರದ ಹೆಸರು ಹೋದದ್ದರಿಂದಲೇ ಹೀಗಾಯಿತು ಎನ್ನಲಾಗದು. ಸಾಲು ಮುರಿದದ್ದು ಕ್ಷೇತ್ರ ಅಳಿಯುವ ಹತ್ತು ವರ್ಷ ಮೊದಲೇ. ಎದುರಾಳಿ ಮತಗಳ ಕೂಡುವಿಕೆ, ಕಾಂಗ್ರೆಸ್ಸಿನ ಹಳೆಯ ಹಿಡಿತ ಸಡಿಲಾದದ್ದು, ಟಿಕೆಟಿನ ಒಪ್ಪಂದಕ್ಕೆ ಊರಿನಲ್ಲಿ ಬೇರು ಬಿಡದಿದ್ದದ್ದು, ಇವು ಮೂರೂ ಸೇರಿ ಆದ ಕೆಲಸವದು. ಗೆರೆಯ ಬದಲಾವಣೆ ಅದಕ್ಕೆ ಕೊನೆಯ ಮೊಳೆ ಹೊಡೆಯಿತು.

ಆದರೂ ಈ ಸೀಮೆಯ ಬಗ್ಗೆ ಕೊನೆಯ ಮಾತು ಹೇಳಿ ಮುಗಿಸುವಂತಿಲ್ಲ. ಬೊಮ್ಮಾಯಿ ಲೋಕಸಭೆಗೆ ಹೋದದ್ದರಿಂದ ತೆರವಾದ ಶಿಗ್ಗಾವಿ ವಿಧಾನಸಭಾ ಸ್ಥಾನಕ್ಕೆ 2024ರ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. 2023ರಲ್ಲಿ ಅಲ್ಲಿ 35,978 ಮತಗಳಿಂದ ಸೋತಿದ್ದ ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ್, ಈ ಸಲ ಬೊಮ್ಮಾಯಿಯವರ ಮಗ ಭರತ್ ಬೊಮ್ಮಾಯಿ ಅವರನ್ನು 13,448 ಮತಗಳಿಂದ ಸೋಲಿಸಿದರು. ಆಡಳಿತ ಪಕ್ಷಕ್ಕೆ ಉಪಚುನಾವಣೆಯಲ್ಲಿ ಇರುವ ಅನುಕೂಲವನ್ನು ಲೆಕ್ಕಕ್ಕೆ ಹಿಡಿದರೂ, ಹಳೆಯ ಧಾರವಾಡ ದಕ್ಷಿಣದ ಮತದಾರ ಪೂರ್ತಿ ಕಣ್ಮರೆಯಾಗಿಲ್ಲ ಎಂದು ಇದರಿಂದ ತಿಳಿಯುತ್ತದೆ.

2001ರ 84ನೇ ಸಂವಿಧಾನ ತಿದ್ದುಪಡಿ, ರಾಜ್ಯಗಳಿಗೆ ಸಿಗುವ ಲೋಕಸಭಾ ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರ ನಡೆಯುವ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿತು. ಗೆರೆಗಳನ್ನು ಮತ್ತೆ ಎಳೆಯುವಾಗ ಜನಸಂಖ್ಯೆಯ ಅಂಕಿಗಳು ಮೇಜಿನ ಮೇಲೆ ಇದ್ದೇ ಇರುತ್ತವೆ. ಯಾವ ಊರು ಯಾವ ಊರಿನ ಜೊತೆ ಕೂಡಿ ಯಾರನ್ನು ಆರಿಸುತ್ತ ಬಂತು ಎಂಬುದು ಆ ಅಂಕಿಗಳಲ್ಲಿ ಕಾಣುವುದಿಲ್ಲ. ಅದು ಹಳೆಯ ಫಲಿತಾಂಶಗಳ ಪಟ್ಟಿಯಲ್ಲಿ ಮಾತ್ರ ಉಳಿದಿರುತ್ತದೆ. ಧಾರವಾಡ ದಕ್ಷಿಣದ ಹದಿನಾಲ್ಕು ಫಲಿತಾಂಶಗಳು ಒಂದು ಸಂಗತಿಯನ್ನು ಖಚಿತವಾಗಿ ಹೇಳುತ್ತವೆ: ಪಕ್ಷವೊಂದು ಧೈರ್ಯಮಾಡಿ ಹೆಸರು ಮುಂದಿಟ್ಟಾಗ, ಬ್ಯಾಡಗಿಯ ಪೇಟೆಯವರೂ ರಾಣೆಬೆನ್ನೂರಿನ ಒಕ್ಕಲಿಗರೂ ಹಾವೇರಿಯ ವ್ಯಾಪಾರಸ್ಥರೂ ಹತ್ತು ಸಲ ಆ ಹೆಸರಿಗೆ ಮುದ್ರೆ ಒತ್ತಿದ್ದಾರೆ.